ಕೈಗೆ ನುಣುಪು, ಕಣ್ಣಿಗೆ ಆಳ: ಗೋಡೆಯ ಗ್ಲೇಜ್ ಫಿನಿಷ್ ಹೇಗಾಗುತ್ತದೆ

ಪೇಂಟ್ ಅಂಗಡಿಯಲ್ಲಿ "ಹಾಲ್‌ನ ಒಂದು ಗೋಡೆಗೆ ಏನಾದ್ರೂ ಡಿಸೈನ್ ಬೇಕು" ಅಂದರೆ ದಪ್ಪನೆಯ ಕ್ಯಾಟಲಾಗ್ ಒಂದು ಕೈಗೆ ಬರುತ್ತದೆ. ಅದರಲ್ಲಿರುವುದಕ್ಕೆಲ್ಲ ನಮ್ಮಲ್ಲಿ ಒಂದೇ ಹೆಸರು, ಟೆಕ್ಸ್ಚರ್. ಆದರೆ ಅಲ್ಲಿ ಎರಡು ಬೇರೆ ಬೇರೆ ಕೆಲಸಗಳು ಬೆರೆತಿರುತ್ತವೆ. ಮೊದಲನೆಯದರಲ್ಲಿ ದಪ್ಪ ಪೇಸ್ಟನ್ನು ಗೋಡೆಗೆ ಮೆತ್ತಿ, ಕರಣೆಯಿಂದಲೋ ರೋಲರ್‌ನಿಂದಲೋ ಉಬ್ಬುತಗ್ಗು ಮಾಡುತ್ತಾರೆ. ಕೈ ಸವರಿದರೆ ಒರಟಾಗಿ ತಾಕುತ್ತದೆ. ಎರಡನೆಯದರಲ್ಲಿ ಗೋಡೆ ನುಣ್ಣಗೇ ಇರುತ್ತದೆ. ಆಳ ಕಾಣುವುದು ಕಣ್ಣಿಗೆ ಮಾತ್ರ. ಹಳೇ ಸುಣ್ಣದ ಗೋಡೆ, ಚರ್ಮ, ರೇಷ್ಮೆ, ಅಮೃತಶಿಲೆ, ಮರ, ಹೀಗೆ ಬೇರೆ ಯಾವುದೋ ವಸ್ತು ಅನ್ನಿಸುವ ಹಾಗೆ ಮಾಡಿರುತ್ತಾರೆ. ಇದಕ್ಕೆ ಫೋ ಫಿನಿಷ್ ಅನ್ನುತ್ತಾರೆ. ಇದು ಆಗುವುದು ಗ್ಲೇಜ್ ಎಂಬ ಪಾರದರ್ಶಕ ಪದರದಿಂದ. ಈ ಬರಹ ಈ ಎರಡನೆಯದರ ಬಗ್ಗೆ.

ಇದು ಕಲಾವಿದರಿಗೆ ಮಾತ್ರ ಬರುವ ವಿದ್ಯೆ ಅಂತ ಜನ ಹಿಂದೆ ಸರಿಯುತ್ತಾರೆ. ನನ್ನ ಪ್ರಕಾರ ಹಾಗೇನಿಲ್ಲ. ಗ್ಲೇಜ್ ಕೆಲಸದಲ್ಲಿ ಬಣ್ಣ ಬಳಿಯುವುದಕ್ಕಿಂತ, ಬಳಿದದ್ದನ್ನು ಹಸಿ ಇರುವಾಗಲೇ ಅಲ್ಲಲ್ಲಿ ತೆಗೆಯುವುದು ಮುಖ್ಯ. ಒಣಗುವ ಮುಂಚೆ ಸಿಗುವ ಹತ್ತು ಹದಿನೈದು ನಿಮಿಷವೇ ಬಂಡವಾಳ. ಕೆಳಗೆ ಯಾವ ಬೇಸ್ ಬಣ್ಣ ಬೇಕು, ಎಷ್ಟು ಬೆರೆಸಬೇಕು, ಎಷ್ಟು ಜನ ಬೇಕು, ಫ್ಯಾನ್ ಹಾಕಬೇಕೋ ಬೇಡವೋ ಎಂಬುದೆಲ್ಲ ಆ ಸಮಯವನ್ನು ಉಳಿಸಿಕೊಳ್ಳುವ ದಾರಿಗಳು.

ಆಳ ಎಲ್ಲಿಂದ ಬರುತ್ತದೆ?

ನೀರು ಬೆರೆಸಿ ಗೋಡೆಗೆ ಹೊಡೆಯುವ ಸಾಮಾನ್ಯ ಬಣ್ಣವಾದ ಎಮಲ್ಷನ್‌ನಲ್ಲಿ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ಇರುತ್ತದೆ. ಬೆಳಕು ಒಂದು ವಸ್ತುವಿನ ಒಳಗೆ ಹೋಗುವಾಗ ಎಷ್ಟು ಬಾಗುತ್ತದೆ ಎಂಬುದಕ್ಕೆ ಒಂದು ಅಳತೆ ಇದೆ, ವಕ್ರೀಭವನ ಸೂಚ್ಯಂಕ ಅಂತ. ಈ ಪುಡಿಯದ್ದು ಸುಮಾರು 2.7. ಪುಡಿಯನ್ನು ಹಿಡಿದಿಡುವ ಅಕ್ರಿಲಿಕ್ ಅಂಟಿನದ್ದು ಸುಮಾರು 1.5. ಎರಡರ ನಡುವೆ ವ್ಯತ್ಯಾಸ ಜಾಸ್ತಿ ಇದ್ದಷ್ಟೂ ಬೆಳಕು ಚೆದುರುತ್ತದೆ. ಕೆಳಗೆ ಇಳಿಯದೆ ಮೇಲಿನಿಂದಲೇ ವಾಪಸ್ ಬರುತ್ತದೆ. ಅದಕ್ಕೇ ಎರಡು ಕೋಟು ಹೊಡೆದರೆ ಹಳೇ ಬಣ್ಣ ಪೂರ್ತಿ ಮುಚ್ಚಿಹೋಗುವುದು.

ಗ್ಲೇಜ್ ಮೀಡಿಯಂನಲ್ಲಿ ಈ ಪುಡಿ ಇರುವುದಿಲ್ಲ. ಅದರಲ್ಲಿರುವುದು ಬಹುಪಾಲು ಅಂಟು, ನೀರು, ಜೊತೆಗೆ ಬೇಗ ಒಣಗದಂತೆ ತಡೆಯುವ ಗ್ಲೈಕಾಲ್ ಜಾತಿಯ ದ್ರವ. ಡಬ್ಬದಲ್ಲಿ ಬೆಳ್ಳಗೆ ಕಾಣುತ್ತದೆ, ಒಣಗಿದ ಮೇಲೆ ಪಾರದರ್ಶಕವಾಗುತ್ತದೆ. ಇದಕ್ಕೆ ಸ್ವಲ್ಪ ಬಣ್ಣ ಸೇರಿಸಿ ಗೋಡೆಗೆ ಹಚ್ಚಿದರೆ ಬೆಳಕು ಅದರೊಳಗೆ ಹಾದು, ಕೆಳಗಿನ ಬೇಸ್ ಬಣ್ಣಕ್ಕೆ ತಾಗಿ, ಮತ್ತೆ ಅದೇ ಪದರ ದಾಟಿ ಕಣ್ಣಿಗೆ ಬರುತ್ತದೆ. ಎರಡು ಬಣ್ಣ ಒಟ್ಟಿಗೆ ಕಾಣುತ್ತವೆ.

ಗಾಜಿನ ಲೋಟಕ್ಕೆ ಕಾಫಿ ಡಿಕಾಕ್ಷನ್ ಹಾಕಿ ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ನಾಲ್ಕು ಹನಿ ಇದ್ದರೆ ಹೊಂಬಣ್ಣ. ಅರ್ಧ ಲೋಟ ಇದ್ದರೆ ಹೆಚ್ಚುಕಡಿಮೆ ಕಪ್ಪು. ಡಿಕಾಕ್ಷನ್ ಅದೇ, ದಪ್ಪ ಮಾತ್ರ ಬೇರೆ. ಹಾಲು ಬೆರೆಸಿದರೆ ಈ ಆಟ ಮುಗಿಯಿತು, ಎಷ್ಟು ಹಾಕಿದರೂ ಒಂದೇ ಬಣ್ಣ. ಎಮಲ್ಷನ್ ಹಾಲು ಬೆರೆತ ಕಾಫಿ, ಗ್ಲೇಜ್ ಬರೀ ಡಿಕಾಕ್ಷನ್. ಗೋಡೆಯ ಮೇಲೆ ಗ್ಲೇಜ್ ತೆಳುವಾದಲ್ಲಿ ಬೇಸ್ ಇಣುಕುತ್ತದೆ, ದಪ್ಪವಾದಲ್ಲಿ ಬಣ್ಣ ಗಾಢವಾಗುತ್ತದೆ. ಬಟ್ಟೆ, ಸ್ಪಂಜು, ಬ್ರಷ್ ಎಲ್ಲವೂ ಮಾಡುವುದು ಇಷ್ಟೇ: ಒಂದು ಮಿಲಿಮೀಟರಿನ ಹತ್ತನೇ ಒಂದಕ್ಕಿಂತ ತೆಳುವಾದ ಆ ಪದರದಲ್ಲಿ ದಪ್ಪ-ತೆಳು ಮಾಡುವುದು.

ಇದು ಇಂದು ನಿನ್ನೆಯದಲ್ಲ. 15ನೇ ಶತಮಾನದಲ್ಲಿ ಯಾನ್ ವಾನ್ ಐಕ್ ತರಹದ ಫ್ಲೆಮಿಶ್ ಚಿತ್ರಕಾರರು ಎಣ್ಣೆಬಣ್ಣದ ಪಾರದರ್ಶಕ ಪದರಗಳನ್ನು ಒಂದರ ಮೇಲೊಂದು ಹಾಕಿ ಬಟ್ಟೆಗೆ, ಒಡವೆಗೆ ಹೊಳಪು ತಂದರು. ಗೋಡೆಯನ್ನೇ ಬೇರೆ ವಸ್ತುವಿನಂತೆ ತೋರಿಸುವ ಆಸೆ ಇನ್ನೂ ಹಳೆಯದು. ಇಟಲಿಯ ಪೊಂಪೆಯಲ್ಲಿ ಕ್ರಿಸ್ತಪೂರ್ವ 2ನೇ ಶತಮಾನದ ಮನೆಗಳಲ್ಲಿ ಗಾರೆಯ ಮೇಲೆ ಬಣ್ಣ ಹಚ್ಚಿ ಅಮೃತಶಿಲೆಯ ಚಪ್ಪಡಿ ಜೋಡಿಸಿದಂತೆ ಮಾಡಿದ್ದಾರೆ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್‌ರ ಮೌಂಟ್ ವರ್ನನ್ ಮನೆಗೆ ಹೋದವರು ಹೊರಗೋಡೆ ಕಲ್ಲಿನದ್ದು ಅಂದುಕೊಳ್ಳುತ್ತಾರೆ. ಅದು ಮರದ ಹಲಗೆ. ಕಲ್ಲಿನ ಅಂಚುಗಳ ಹಾಗೆ ಕೆತ್ತಿ, ಹಸಿ ಬಣ್ಣದ ಮೇಲೆ ಮರಳು ಎರಚಿದ್ದಾರೆ. ಒಳಗೆ ನಡುಮನೆಯ ಪೈನ್ ಹಲಗೆಗಳಿಗೆ ಮಹಾಗನಿ ಮರದ ಎಳೆ ಬಿಡಿಸಿದ್ದಾರೆ. ಇಂಗ್ಲೆಂಡಿನ ಥಾಮಸ್ ಕರ್ಶಾ ಎಂಬ ಪೇಂಟರ್ 1851ರ ಲಂಡನ್ ಮಹಾಪ್ರದರ್ಶನದಲ್ಲಿ ಬಣ್ಣದಲ್ಲೇ ಮಾಡಿದ ಮರ ಮತ್ತು ಅಮೃತಶಿಲೆಯ ಹಲಗೆಗಳಿಗೆ ಬಹುಮಾನ ಪಡೆದ. ಅವನು ಮಾಡಿದ ಹಲಗೆಗಳು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿವೆ. ಮನೆಗೆ ಬಣ್ಣ ಹೊಡೆಯುವವನ ಕೈಕೆಲಸ ಮ್ಯೂಸಿಯಂ ಸೇರಿದ್ದು ನನಗೆ ತುಂಬಾ ಇಷ್ಟವಾದ ಸಂಗತಿ.

ಬೇಸ್ ಕೆಟ್ಟರೆ ಎಲ್ಲವೂ ಕೆಟ್ಟಿತು

ಈಗ ನಮ್ಮ ಮನೆಯ ಗೋಡೆಗೆ ಬರೋಣ. ಪುಟ್ಟಿ, ಉಪ್ಪು ಕಾಗದ, ಪ್ರೈಮರ್, ಇವೆಲ್ಲ ಯಾವ ಒಳ್ಳೆಯ ಪೇಂಟಿಂಗ್‌ಗೂ ಇರುವುದೇ. ಗ್ಲೇಜ್‌ಗೆ ಬೇರೆಯಾಗುವುದು ಬೇಸ್ ಕೋಟಿನಲ್ಲಿ. ನಮ್ಮಲ್ಲಿ ಹಾಲ್‌ಗೆ ಮ್ಯಾಟ್, ಅಂದರೆ ಹೊಳಪಿಲ್ಲದ ಎಮಲ್ಷನ್ ಹೊಡೆಯುವುದು ರೂಢಿ. ಗ್ಲೇಜ್ ಕೆಳಗೆ ಮ್ಯಾಟ್ ಬೇಡ. ಮ್ಯಾಟ್ ಗೋಡೆಯ ಮೈ ಸೂಕ್ಷ್ಮವಾಗಿ ಒರಟು. ಗ್ಲೇಜ್‌ನ ನೀರನ್ನು ಹೀರಿಕೊಂಡುಬಿಡುತ್ತದೆ. ಬಟ್ಟೆ ಜಾರುವುದಿಲ್ಲ, ಕಚ್ಚಿಕೊಳ್ಳುತ್ತದೆ. ಹತ್ತು ನಿಮಿಷ ಸಿಗಬೇಕಾದಲ್ಲಿ ಎರಡೇ ನಿಮಿಷ ಸಿಗುತ್ತದೆ. ಆದ್ದರಿಂದ ಬೇಸ್‌ಗೆ ಸ್ವಲ್ಪವೇ ಹೊಳಪಿರುವ ಸ್ಯಾಟಿನ್ ಅಥವಾ ಸಾಫ್ಟ್ ಶೀನ್ ಎಮಲ್ಷನ್, ಎರಡು ಕೋಟು. ಪೂರ್ತಿ ಗ್ಲಾಸಿ ಆದರೂ ಕಷ್ಟವೇ, ಗ್ಲೇಜ್ ಹಿಡಿದುಕೊಳ್ಳದೆ ಜಾರುತ್ತದೆ. ಕಡೆಯ ಕೋಟು ಆದ ಮೇಲೆ ಕನಿಷ್ಠ ಒಂದು ದಿನ ಬಿಡಿ. ಮಾಸ್ಕಿಂಗ್ ಟೇಪ್ ಒಂದು ತುಂಡು ಅಂಟಿಸಿ ಕಿತ್ತು ನೋಡಿ. ಬಣ್ಣ ಎದ್ದು ಬಂದರೆ ಇನ್ನೂ ಕಾಯಬೇಕು.

ಗೋಡೆಯಲ್ಲಿ ತೇವ ಏರಿ ಬಿಳಿ ಉಪ್ಪು ಬರುತ್ತಿದ್ದರೆ ಗ್ಲೇಜ್ ವಿಚಾರವನ್ನೇ ಬಿಡಿ. ಮೊದಲು ಸೀಪೇಜ್ ಎಲ್ಲಿಂದ ಅಂತ ಹುಡುಕಿ ಸರಿ ಮಾಡಿಸಿ. ಪಾರದರ್ಶಕ ಪದರ ಯಾವ ಕಲೆಯನ್ನೂ ಮುಚ್ಚುವುದಿಲ್ಲ, ಇನ್ನೂ ಎತ್ತಿ ತೋರಿಸುತ್ತದೆ. ಪುಟ್ಟಿಯ ಗೀರು, ರೋಲರ್ ಅಂಚು, ಬಿಟ್ಟುಹೋದ ಸಣ್ಣ ಗುಳಿ, ಎಲ್ಲದರಲ್ಲೂ ಗ್ಲೇಜ್ ಹೋಗಿ ಕೂತು ಗೆರೆ ಮೂಡಿಸುತ್ತದೆ. ಪುಟ್ಟಿ ಉಜ್ಜಿದ ಮೇಲೆ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ಒರಗಿಸಿದಂತೆ ಹಿಡಿದು ಅಡ್ಡ ಬೆಳಕಿನಲ್ಲಿ ನೋಡಿದರೆ ಏನೇನು ಉಳಿದಿದೆ ಗೊತ್ತಾಗುತ್ತದೆ. ಫಾಲ್ಸ್ ಸೀಲಿಂಗ್ ಅಂಚಿನಲ್ಲಿ ಎಲ್‌ಇಡಿ ಪಟ್ಟಿ ಇರುವ ಗೋಡೆಗೆ ಇದನ್ನು ಮಾಡಲೇಬೇಕು. ಅಲ್ಲಿ ಬೆಳಕು ದಿನವೂ ಮೇಲಿನಿಂದ ಅಡ್ಡಲಾಗಿಯೇ ಬೀಳುತ್ತದೆ.

ಬೆರೆಸುವುದು

ಒಂದು ಪಾಲು ಬಣ್ಣಕ್ಕೆ ನಾಲ್ಕು ಪಾಲು ಗ್ಲೇಜ್ ಮೀಡಿಯಂ, ಇಲ್ಲಿಂದ ಶುರು ಮಾಡಿದರೆ ಸರಿ. ಬಣ್ಣ ಜಾಸ್ತಿಯಾದಷ್ಟೂ ಪಾರದರ್ಶಕತೆ ಕಡಿಮೆ, ಕೆಲಸದ ಸಮಯವೂ ಕಡಿಮೆ. ಯಾವ ಬಣ್ಣ ಬೆರೆಸುತ್ತೀರಿ ಎಂಬುದೂ ಮುಖ್ಯ. ತಿಳಿ ಗುಲಾಬಿ, ಕೆನೆ ಬಣ್ಣದಂಥ ಎಮಲ್ಷನ್‌ಗಳಲ್ಲಿ ಬಿಳಿ ಪುಡಿಯೇ ತುಂಬಿರುತ್ತದೆ. ಅದನ್ನು ಗ್ಲೇಜ್‌ಗೆ ಹಾಕಿದರೆ ಗೋಡೆಗೆ ಧೂಳು ಹಿಡಿದಂತೆ ಮಬ್ಬು ಬರುತ್ತದೆ. ಅದೇ ಬೇಕಾಗಿದ್ದರೆ ಸರಿ. ಶುದ್ಧ ಹೊಳಪು ಬೇಕಾದರೆ ಗಾಢ ಬಣ್ಣದ ಎಮಲ್ಷನ್ ತೆಗೆದುಕೊಂಡು ಕಡಿಮೆ ಬೆರೆಸಿ, ಅಥವಾ ಅಂಗಡಿಯಲ್ಲಿ ಸಿಗುವ ಸಣ್ಣ ಬಾಟಲಿಯ ಸ್ಟೈನರ್ ಎಂಬ ಗಾಢ ಬಣ್ಣದ ದ್ರವವನ್ನು ಹನಿ ಹನಿಯಾಗಿ ಹಾಕಿ. ಬಾಟಲಿಯ ಮೇಲೆ ಬರೆದಿರುವ ಮಿತಿ ಮೀರಬೇಡಿ, ಸ್ಟೈನರ್ ಹೆಚ್ಚಾದರೆ ಪದರ ಸರಿಯಾಗಿ ಒಣಗುವುದಿಲ್ಲ.

ಗ್ಲೇಜ್ ಮೀಡಿಯಂ ಸಿಗಲಿಲ್ಲ ಅಂತ ಎಮಲ್ಷನ್‌ಗೆ ಸುಮ್ನೆ ನೀರು ಹಾಕಿ ತೆಳು ಮಾಡುವವರಿದ್ದಾರೆ. ಅದು ಸರಿಯಲ್ಲ. ನೀರು ಅಂಟಿನ ಬಲವನ್ನು ಕಡಿಮೆ ಮಾಡುತ್ತದೆ, ಗೋಡೆಯಿಂದ ಇಳಿಯುತ್ತದೆ, ಮತ್ತು ಬೇಗ ಆವಿಯಾಗುತ್ತದೆ. ನಮಗೆ ಬೇಕಾಗಿದ್ದು ನಿಧಾನ. ಮೂಲೆ ಅಂಗಡಿಯಲ್ಲಿ ಮೀಡಿಯಂ ಇಲ್ಲದಿದ್ದರೆ ಕಂಪನಿಯ ದೊಡ್ಡ ಡೀಲರ್ ಹತ್ತಿರ ಹೇಳಿ ತರಿಸಿಕೊಳ್ಳಿ.

12 ಅಡಿ ಅಗಲ, 10 ಅಡಿ ಎತ್ತರದ ಗೋಡೆ ಅಂದರೆ 120 ಚದರ ಅಡಿ. ಇದಕ್ಕೆ ಒಂದೂವರೆ ಲೀಟರ್ ಮಿಶ್ರಣವನ್ನು ಒಂದೇ ಸಲ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ನಡುವೆ ಖಾಲಿಯಾಗಿ ಮತ್ತೆ ಬೆರೆಸಿದರೆ ಬಣ್ಣ ಹೊಂದುವುದಿಲ್ಲ, ಗೋಡೆ ಅರ್ಧಕ್ಕೆ ಬೇರೆಯಾಗುತ್ತದೆ.

ಬಣ್ಣದ ಆಯ್ಕೆಯಲ್ಲಿ ನನ್ನದು ಖಚಿತವಾದ ಅಭಿಪ್ರಾಯ. ಬೇಸ್ ಮತ್ತು ಗ್ಲೇಜ್ ಎರಡೂ ಶೇಡ್ ಕಾರ್ಡಿನ ಒಂದೇ ಪಟ್ಟಿಯಲ್ಲಿ, ಎರಡು ಮೂರು ಮನೆ ಅಂತರದಲ್ಲಿ ಇರಲಿ. ಬಿಳಿ ಬೇಸ್ ಮೇಲೆ ಕಡು ನೀಲಿ ಸ್ಪಂಜು ಒತ್ತಿದರೆ ಗೋಡೆ ಕಾಣುವುದಿಲ್ಲ, ಚುಕ್ಕೆಗಳೇ ಕಾಣುತ್ತವೆ. ಆರು ತಿಂಗಳಲ್ಲಿ ಬೇಸರ ಬರುತ್ತದೆ. ತಿಳಿ ಜೇಡಿಮಣ್ಣಿನ ಬಣ್ಣದ ಮೇಲೆ ಸ್ವಲ್ಪ ಗಾಢವಾದ ಅದೇ ಜೇಡಿಮಣ್ಣು ಹಾಕಿ ನೋಡಿ. ದೂರದಿಂದ ಒಂದೇ ಬಣ್ಣ, ಹತ್ತಿರ ಬಂದರೆ ಒಳಗೆ ಏನೋ ಚಲನೆ. ವರ್ಷಗಟ್ಟಲೆ ಇಟ್ಟುಕೊಳ್ಳಬಹುದಾದ ಗೋಡೆ ಅದು.

ಹಸಿ ಅಂಚು

ಈಗ ಅಸಲಿ ಕೆಲಸ. ಕಲರ್‌ವಾಶ್ ಅನ್ನುವ ಫಿನಿಷ್ ತೆಗೆದುಕೊಳ್ಳೋಣ. ಹಳೇ ಸುಣ್ಣದ ಗೋಡೆಯ ಮೋಡ ಮೋಡವಾದ ನೋಟ ಅದರದ್ದು.

ಇಬ್ಬರು ಬೇಕು. ಒಬ್ಬರು ಹಚ್ಚುವವರು, ಒಬ್ಬರು ತೆಗೆಯುವವರು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ಗೋಡೆಯ ಒಂದು ಮೂಲೆಯಿಂದ ಶುರು. ಮೊದಲನೆಯವರು ರೋಲರ್‌ನಲ್ಲಿ ಮೇಲಿನಿಂದ ಕೆಳಗೆ ಸುಮಾರು ಎರಡು ಅಡಿ ಅಗಲದ ಪಟ್ಟಿ ಹಚ್ಚುತ್ತಾರೆ. ಪಟ್ಟಿಯ ಅಂಚು ನೆಟ್ಟಗೆ ಇರಬಾರದು, ಅಂಕುಡೊಂಕಾಗಿರಬೇಕು. ಎರಡನೆಯವರು ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಹತ್ತಿ ಬಟ್ಟೆಯನ್ನು ಸಡಿಲವಾಗಿ ಮುದ್ದೆ ಮಾಡಿಕೊಂಡು, ಅಡ್ಡಾದಿಡ್ಡಿ ಅರ್ಧವೃತ್ತಗಳಲ್ಲಿ ಉಜ್ಜುತ್ತಾ ಬರುತ್ತಾರೆ. ಹಳೇ ಪಂಚೆ, ಹಳೇ ಬನಿಯನ್ ಬಟ್ಟೆ ಇದಕ್ಕೆ ಬಹಳ ಒಳ್ಳೆಯದು. ಹೊಸ ಬಟ್ಟೆ ಎಳೆ ಬಿಡುತ್ತದೆ. ಬಟ್ಟೆ ಗ್ಲೇಜ್ ಕುಡಿದು ಭಾರವಾದಂತೆ ಅದು ತೆಗೆಯುವುದನ್ನು ಬಿಟ್ಟು ಮೆತ್ತಲು ಶುರು ಮಾಡುತ್ತದೆ. ಆಗ ಮಡಿಕೆ ಬದಲಿಸಬೇಕು, ಇಲ್ಲವೇ ಬಟ್ಟೆಯನ್ನೇ ಬದಲಿಸಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಇಲ್ಲಿದೆ. ಎರಡು ಅಡಿ ಪಟ್ಟಿಯಲ್ಲಿ ಕಡೆಯ ನಾಲ್ಕೈದು ಇಂಚನ್ನು ಮುಟ್ಟದೆ ಹಾಗೇ ಹಸಿಯಾಗಿ ಬಿಡಬೇಕು. ಮುಂದಿನ ಪಟ್ಟಿ ಹಚ್ಚುವಾಗ ರೋಲರ್ ಆ ಹಸಿ ಅಂಚಿನ ಮೇಲೆ ಸ್ವಲ್ಪ ಹತ್ತಿ ಬರಬೇಕು. ಹಸಿಗೆ ಹಸಿ ಸೇರಿದರೆ ಎರಡೂ ಒಂದಾಗುತ್ತವೆ. ಅಂಚು ಒಣಗಿಬಿಟ್ಟಿದ್ದರೆ ಅಲ್ಲಿ ಎರಡು ಪದರ ಕೂತು, ಅಡಿಯಿಂದ ಮುಡಿವರೆಗೆ ಕಪ್ಪನೆಯ ಗೆರೆ ಬೀಳುತ್ತದೆ. ಪೇಂಟರ್‌ಗಳು ಇದಕ್ಕೆ ಲ್ಯಾಪ್ ಮಾರ್ಕ್ ಅನ್ನುತ್ತಾರೆ. ಕೆಟ್ಟ ಗ್ಲೇಜ್ ಗೋಡೆಗಳಲ್ಲಿ ಹೆಚ್ಚಿನವು ಕೆಟ್ಟಿರುವುದು ಇದರಿಂದಲೇ. ಹಾಗಾಗಿ ಗೋಡೆ ಶುರು ಮಾಡಿದರೆ ಇನ್ನೊಂದು ಮೂಲೆ ಮುಟ್ಟುವವರೆಗೆ ನಿಲ್ಲಿಸುವ ಹಾಗಿಲ್ಲ. ಟೀ ಬಂದರೂ, ಫೋನ್ ಬಂದರೂ ಆಮೇಲೆ.

ಮೂಲೆಗಳಲ್ಲಿ, ಸ್ವಿಚ್ ಬೋರ್ಡ್ ಸುತ್ತ ಗ್ಲೇಜ್ ಕೂತುಬಿಡುತ್ತದೆ. ಅಲ್ಲಿಗೆ ಬಟ್ಟೆ ಹೋಗುವುದಿಲ್ಲ. ಒಣ ಬ್ರಷ್ಷಿನ ತುದಿಯಿಂದ ಕುಟ್ಟಿ ಕುಟ್ಟಿ ಹರಡಬೇಕು. ರೂಮಿನ ನಾಲ್ಕೂ ಗೋಡೆಗೆ ಮಾಡುವುದಾದರೆ ಮೊದಲ ದಿನ ಎದುರುಬದುರಿನ ಎರಡು ಗೋಡೆ, ಮರುದಿನ ಟೇಪ್ ಹಾಕಿ ಉಳಿದೆರಡು. ಆಗ ಒಂದು ಗೋಡೆ ಒರೆಸುವಾಗ ಪಕ್ಕದ್ದು ಹಾಳಾಗುವುದಿಲ್ಲ. ಆದರೆ ನನ್ನ ಮಾತು ಕೇಳಿದರೆ ಒಂದು ಗೋಡೆ ಸಾಕು.

ಬಟ್ಟೆಯ ಬದಲು ಬೇರೆ ಸಲಕರಣೆ ಹಿಡಿದರೆ ಬೇರೆ ಹೆಸರು. ಸ್ಪಂಜಿನಲ್ಲಿ ಒತ್ತಿ ತೆಗೆದರೆ ಸ್ಪಂಜಿಂಗ್. ಕಾರು ತೊಳೆಯುವ ಸ್ಪಂಜಾದರೆ ಅಂಚುಗಳನ್ನು ಕಿತ್ತು ಒರಟು ಮಾಡಿಕೊಳ್ಳಿ, ಇಲ್ಲದಿದ್ದರೆ ಚೌಕ ಚೌಕ ಗುರುತು ಬೀಳುತ್ತದೆ. ಪ್ರತಿ ಒತ್ತಿಗೂ ಮಣಿಕಟ್ಟು ತಿರುಗಿಸುತ್ತಿರಬೇಕು. ಬಟ್ಟೆ ಸುತ್ತಿ ಉರುಳಿಸಿದರೆ ರ‍್ಯಾಗ್ ರೋಲಿಂಗ್. ಒಣ ಬ್ರಷ್ಷನ್ನು ಮೇಲಿನಿಂದ ಕೆಳಗೆ ಒಂದೇ ಎಳೆತದಲ್ಲಿ ಎಳೆದರೆ ನೇಯ್ಗೆಯ ಗೆರೆಗಳು ಬರುತ್ತವೆ, ಅದು ಡ್ರ್ಯಾಗಿಂಗ್. ಇದು ನೋಡಲು ಸುಲಭ, ಮಾಡಲು ಕಷ್ಟ. ಹತ್ತು ಅಡಿ ಎತ್ತರ ಕೈ ನಡುಗದೆ, ಏಣಿಯಿಂದ ಇಳಿಯುತ್ತಾ ಎಳೆಯಬೇಕು. ರಬ್ಬರ್ ಬಾಚಣಿಗೆಯಿಂದ ಎಳೆದರೆ ಕೋಂಬಿಂಗ್. ಇದರ ಗೆರೆ ಸ್ವಲ್ಪ ಉಬ್ಬಿರುವುದರಿಂದ ಮುಂದೆ ಮ್ಯಾಟ್ ಹೊಡೆಯುವಾಗ ಉಜ್ಜಿ ತೆಗೆಯಬೇಕಾಗುತ್ತದೆ. ಬಾಡಿಗೆ ಮನೆಯಲ್ಲಿ ಬೇಡ.

ಅಮೃತಶಿಲೆ ಮಾಡುವುದಾದರೆ

ಇಲ್ಲಿ ಕೈಚಳಕಕ್ಕಿಂತ ಕಲ್ಲನ್ನು ನೋಡುವುದು ಮುಖ್ಯ. ಪೇಂಟ್ ಮುಟ್ಟುವ ಮೊದಲು ನಿಜವಾದ ಒಂದು ಮಾರ್ಬಲ್ ತುಂಡು ಎದುರಿಗಿಟ್ಟುಕೊಳ್ಳಿ. ಕಲ್ಲಿನ ನರಗಳಲ್ಲಿ ಹಲವು ಬಿರುಕುಗಳಲ್ಲಿ ಬೇರೆ ಖನಿಜ ತುಂಬಿ ಆದವು. ಆದ್ದರಿಂದ ಅವು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಹರಿಯುತ್ತವೆ, ಕವಲೊಡೆಯುತ್ತವೆ, ಒಂದು ಕಡೆ ದಪ್ಪವಾಗಿ ಇನ್ನೊಂದು ಕಡೆ ಕಾಣದಷ್ಟು ತೆಳುವಾಗುತ್ತವೆ. ಗೋಡೆಯ ಮೇಲೆ ಒಂದೇ ದಪ್ಪದ ಗೆರೆ ಎಳೆದು, ಅದನ್ನು ಗುಣಾಕಾರ ಚಿಹ್ನೆಯಂತೆ ಇನ್ನೊಂದು ಗೆರೆಯಿಂದ ಕತ್ತರಿಸಿದರೆ ಯಾರ ಕಣ್ಣೂ ನಂಬುವುದಿಲ್ಲ.

ತಿಳಿ ಬೂದು ಬಣ್ಣದ ಗ್ಲೇಜನ್ನು ಬೇಸ್ ಮೇಲೆ ಓರೆಯಾಗಿ, ತೇಪೆ ತೇಪೆಯಾಗಿ ಹಚ್ಚಿ. ಹಸಿ ಇರುವಾಗಲೇ ಹಕ್ಕಿ ಗರಿಯ ಅಂಚನ್ನು ಅಥವಾ ಸಣ್ಣ ಬ್ರಷ್ಷನ್ನು ಗಾಢ ಬೂದಿನಲ್ಲಿ ಅದ್ದಿ, ಹಿಡಿಯ ತೀರ ಹಿಂದಿನ ತುದಿ ಹಿಡಿದು, ಬೆರಳುಗಳ ನಡುವೆ ಉರುಳಿಸುತ್ತಾ ಎಳೆಯಿರಿ. ಬಿಗಿಯಾಗಿ ಹಿಡಿದರೆ ಗೆರೆ ಪೆನ್ಸಿಲಿನದ್ದಾಗುತ್ತದೆ. ಆಮೇಲೆ ಮೆತ್ತನೆಯ ಒಣ ಬ್ರಷ್ಷಿನಿಂದ, ತಾಗಿಯೂ ತಾಗದಂತೆ, ಮೊದಲು ನರಕ್ಕೆ ಅಡ್ಡವಾಗಿ ಆಮೇಲೆ ನರದ ಉದ್ದಕ್ಕೆ ಸವರಿ. ಗೆರೆ ಮಸುಕಾಗಿ ಕಲ್ಲಿನ ಒಳಕ್ಕೆ ಇಳಿದಂತೆ ಕಾಣುತ್ತದೆ. ಅದು ಒಣಗಿದ ಮೇಲೆ ಕೆಲವೇ ಕೆಲವು ಚೂಪು ನರಗಳನ್ನು ಮೇಲೆ ಎಳೆಯಿರಿ. ಮಸುಕು ಗೆರೆ ಆಳದಲ್ಲಿ, ಚೂಪು ಗೆರೆ ಮೇಲ್ಮೈಯಲ್ಲಿ. ಕಡೆಗೆ ಹೊಳಪಿನ ಕ್ಲಿಯರ್ ಕೋಟು, ಅಂದರೆ ಬಣ್ಣವಿಲ್ಲದ ವಾರ್ನಿಷ್. ಇಡೀ ಗೋಡೆಗೆ ಮಾಡುವುದಕ್ಕಿಂತ ಒಂದು ಕಂಬಕ್ಕೋ, ದೇವರ ಮನೆಯ ಗೂಡಿಗೋ ಮಾಡಿದರೆ ಚೆಂದ. ನಿಜವಾದ ಕಲ್ಲು ಎಲ್ಲಿರಬಹುದೋ ಅಲ್ಲಿ ಮಾತ್ರ ಇದು ಒಪ್ಪುತ್ತದೆ.

ಹವೆ, ಊರು, ಹಳೇ ಗೋಡೆ

ಡಬ್ಬದ ಮೇಲೆ ಬರೆದಿರುವ ಸಮಯ ಎಲ್ಲ ಊರಿಗೂ ಒಂದೇ ಅಲ್ಲ. ಕಲಬುರಗಿಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಪಶ್ಚಿಮದ ಗೋಡೆ ಮಧ್ಯಾಹ್ನದ ಮೇಲೆ ಕಾದಿರುತ್ತದೆ. ಗ್ಲೇಜ್ ಹಚ್ಚಿದ್ದೇ ತಡ, ಒಣಗಿ ಹೋಗುತ್ತದೆ. ಅಲ್ಲಿ ಬೆಳಗಿನ ಜಾವ ಶುರು ಮಾಡಬೇಕು, ಪಟ್ಟಿಯ ಅಗಲ ಒಂದು ಅಡಿಗೆ ಇಳಿಸಬೇಕು. ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲಿ ಉಲ್ಟಾ. ಬಟ್ಟೆ ಆಡಿಸಲು ಬೇಕಾದಷ್ಟು ಸಮಯ ಸಿಗುತ್ತದೆ, ಆದರೆ ಬೇಸ್ ಪೂರ್ತಿ ಒಣಗಿರುವುದಿಲ್ಲ, ಉಜ್ಜಿದರೆ ಅದೇ ಎದ್ದು ಬರುತ್ತದೆ. ಅಲ್ಲಿ ಮಳೆ ಮುಗಿದು ಗೋಡೆ ಆರಿದ ಮೇಲೆ ಮಾಡುವುದು ಒಳ್ಳೆಯದು.

ಮಣ್ಣಿನ ಅಥವಾ ಸುಣ್ಣದ ಗಾರೆಯ ಹಳೇ ಮನೆಯವರಿಗೆ ಒಂದು ಮಾತು. ಆ ಗೋಡೆಗಳು ತೇವವನ್ನು ಹೀರಿ ಹೊರಗೆ ಬಿಡುತ್ತಿರುತ್ತವೆ. ಅಕ್ರಿಲಿಕ್ ಬೇಸ್, ಗ್ಲೇಜ್, ಕ್ಲಿಯರ್ ಕೋಟು ಅಂತ ಮೇಲಿಂದ ಮೇಲೆ ಮುಚ್ಚಿದರೆ ತೇವ ಒಳಗೇ ಉಳಿದು ಪದರ ಹಪ್ಪಳೆ ಏಳುತ್ತದೆ. ಅವರಿಗೆ ಗ್ಲೇಜ್‌ನ ಅಗತ್ಯವೇ ಇಲ್ಲ. ಬಣ್ಣ ಬೆರೆಸಿದ ಸುಣ್ಣವನ್ನು ನೀರಾಗಿ ಮಾಡಿ ಮೂರು ನಾಲ್ಕು ತೆಳು ಕೋಟು ಬಳಿದರೆ ಸಾಕು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನಕ್ಕೆ ಮತ್ತೆ ಕಲ್ಲಾಗುತ್ತದೆ. ಎಲ್ಲ ಕಡೆ ಒಂದೇ ಸಮ ಹೀರಿಕೊಳ್ಳುವುದಿಲ್ಲವಾದ್ದರಿಂದ ಮೋಡದಂಥ ಏರಿಳಿತ ತಾನಾಗೇ ಬರುತ್ತದೆ. ಉಳಿದವರು ಕಲರ್‌ವಾಶ್‌ನಲ್ಲಿ ಅನುಕರಿಸಲು ಹೊರಟಿರುವುದು ಇದನ್ನೇ ಅಲ್ವಾ?

ಪೇಂಟರ್‌ಗೆ ಕೆಲಸ ಕೊಡುವುದಾದರೆ

ಮೊಬೈಲ್‌ನಲ್ಲಿ ಫೋಟೋ ತೋರಿಸಿದರೆ ಒಪ್ಪಬೇಡಿ. ಎರಡು ಅಡಿ ಚದರದ ಪ್ಲೈವುಡ್ ಅಥವಾ ಜಿಪ್ಸಂ ಹಲಗೆಯ ಮೇಲೆ ಅದೇ ಬೇಸ್, ಅದೇ ಗ್ಲೇಜ್ ಹಾಕಿ ಮಾಡಿ ತೋರಿಸಲು ಹೇಳಿ. ಅದಕ್ಕೆ ಬೇರೆ ದುಡ್ಡು ಕೊಡಬೇಕಾದರೂ ಕೊಡಿ. ಆ ಹಲಗೆಯನ್ನು ಅದೇ ಗೋಡೆಗೆ ಒರಗಿಸಿ ಬೆಳಗ್ಗೆ ಒಮ್ಮೆ, ರಾತ್ರಿ ದೀಪ ಹಾಕಿ ಒಮ್ಮೆ ನೋಡಿ. ಹಳದಿ ಎಲ್‌ಇಡಿಯಲ್ಲಿ ಚೆನ್ನಾಗಿದ್ದ ಬೂದು ಬಣ್ಣ ಬಿಳಿ ಟ್ಯೂಬ್‌ಲೈಟಿನಲ್ಲಿ ಸತ್ತಂತೆ ಕಾಣಬಹುದು. ಚದರ ಅಡಿ ರೇಟು ಮಾತಾಡುವಾಗ ಬೇಸ್ ಕೋಟು, ಕ್ಲಿಯರ್ ಕೋಟು ಸೇರಿದೆಯೋ ಇಲ್ಲವೋ ಕೇಳಿ. ಎಷ್ಟು ಜನ ಬರುತ್ತಾರೆ ಅಂತಲೂ ಕೇಳಿ. ದೊಡ್ಡ ಗೋಡೆಗೆ ಒಬ್ಬನೇ ಮಾಡುತ್ತೇನೆ ಅಂದರೆ ಗೆರೆ ಬೀಳುವುದು ಖಾತ್ರಿ.

ಈಗ ಬಳಸುವುದು ಬಹುತೇಕ ನೀರಿನ ಗ್ಲೇಜ್. ಯಾರಾದರೂ ಅಗಸೆ ಎಣ್ಣೆ, ಟರ್ಪೆಂಟೈನ್ ಬೆರೆಸಿದ ಹಳೇ ರೀತಿಯ ಎಣ್ಣೆ ಗ್ಲೇಜ್ ಬಳಸಿದರೆ ಒರೆಸಿದ ಬಟ್ಟೆಗಳ ಬಗ್ಗೆ ಎಚ್ಚರ. ಅಗಸೆ ಎಣ್ಣೆ ಆರುವಾಗ ಆಮ್ಲಜನಕದ ಜೊತೆ ಸೇರಿ ಬಿಸಿ ಹುಟ್ಟಿಸುತ್ತದೆ. ಬಟ್ಟೆಗಳನ್ನು ಗುಡ್ಡೆ ಹಾಕಿಟ್ಟರೆ ಆ ಬಿಸಿ ಒಳಗೇ ಸೇರಿ, ಕಡ್ಡಿ ಗೀರದೆಯೂ ಬೆಂಕಿ ಹತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿ, ಹೊರಗೆ ಒಂದೊಂದಾಗಿ ಬಿಡಿಸಿ ಹರವಬೇಕು.

ತಪ್ಪಾದರೆ ಏನು? ಹಸಿ ಇರುವಾಗ ಚಿಂತೆಯಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೇಸ್‌ವರೆಗೆ ಬಂದುಬಿಡುತ್ತದೆ, ಸ್ಯಾಟಿನ್ ಬೇಸ್‌ನ ಇನ್ನೊಂದು ಲಾಭ ಇದು. ಒಣಗಿದ ಮೇಲೆ ಕಪ್ಪಾಗಿ ಕಂಡ ಜಾಗಕ್ಕೆ ಬೇಸ್ ಬಣ್ಣದ್ದೇ ತೆಳು ಗ್ಲೇಜ್ ಸವರಿ ತಗ್ಗಿಸಬಹುದು. ಆದರೆ ಒಂದು ವರ್ಷದ ನಂತರ ಮೊಳೆ ಹೊಡೆದು ಕಿತ್ತ ತೂತನ್ನು ಮುಚ್ಚಿ, ಅಷ್ಟೇ ಜಾಗಕ್ಕೆ ಬಣ್ಣ ಹಚ್ಚಿದರೆ ಗೊತ್ತಾಗೇ ಆಗುತ್ತದೆ. ಟಿವಿ, ಫೋಟೋ, ಶೆಲ್ಫ್ ಎಲ್ಲಿ ಬರುತ್ತದೆ ಎಂದು ಮೊದಲೇ ತೀರ್ಮಾನಿಸಿ ಡ್ರಿಲ್ ಕೆಲಸ ಮುಗಿಸಿಕೊಳ್ಳಿ. ಕೈ ತಾಗುವ ಗೋಡೆಗೆ, ಊಟದ ಟೇಬಲ್ ಪಕ್ಕದ ಗೋಡೆಗೆ, ಎರಡು ಕೋಟು ನೀರಿನ ಕ್ಲಿಯರ್ ವಾರ್ನಿಷ್ ಹಾಕಿದರೆ ಒರೆಸಲು ಅನುಕೂಲ. ಹಾಕುವುದಾದರೆ ಪೂರ್ತಿ ಗೋಡೆಗೆ ಹಾಕಿ, ಅರ್ಧಕ್ಕೆ ನಿಲ್ಲಿಸಿದರೆ ಹೊಳಪಿನ ಗೆರೆ ಉಳಿಯುತ್ತದೆ. ಮಿಕ್ಕ ಮಿಶ್ರಣವನ್ನು ಗಟ್ಟಿ ಮುಚ್ಚಳದ ಡಬ್ಬಕ್ಕೆ ತುಂಬಿ, ಬೇಸ್‌ನ ಶೇಡ್ ನಂಬರ್, ಗ್ಲೇಜ್ ಬಣ್ಣದ ನಂಬರ್, ಎಷ್ಟಕ್ಕೆ ಎಷ್ಟು ಬೆರೆಸಿದ್ದು, ಯಾವ ತಾರೀಕು ಎಂಬುದನ್ನು ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಬರೆದಿಡಿ. ಮಾದರಿ ಹಲಗೆಯನ್ನೂ ಅದರ ಜೊತೆಗೇ ಅಟ್ಟದ ಮೇಲೆ ಇಡಿ.